ಬುಟ್ಟಿಯ ಲೆಕ್ಕ ಯಾರ ಹತ್ತಿರ? ಆನ್‌ಲೈನ್ ಅಂಗಡಿಯ ಕಾರ್ಟ್ ನಡೆದು ಬಂದ ದಾರಿ

ಸಂಡೂರಿನ ತಾಂಡಾಗಳಿಗೆ, ಕಂಪ್ಲಿ ಕಡೆಯ ಹಳ್ಳಿಗಳಿಗೆ ಸುದ್ದಿಗೆ ಅಂತ ಹೋದಾಗ ಈಚೆಗೆ ನಮಗೆ ಎದುರಾಗುವ ಪ್ರಶ್ನೆ ರಸ್ತೆಯದ್ದಲ್ಲ, ನೀರಿನದ್ದೂ ಅಲ್ಲ. ‘ನಮ್ಮ ಸಾಮಾನು ಆನ್‌ಲೈನ್‌ನಲ್ಲಿ ಮಾರಬೇಕು ಸರ್, ಯಾವ ಸಾಫ್ಟ್‌ವೇರ್ ಹಾಕಿಸೋಣ?’ ಕೇಳುವವರು ಹೆಚ್ಚಾಗಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಇಲ್ಲವೇ ಡಿಗ್ರಿ ಮುಗಿಸಿ ಊರಲ್ಲೇ ಏನಾದರೂ ಮಾಡೋಣ ಅಂತ ಕೂತ ಹುಡುಗರು. ಸಂಘದ ಉಳಿತಾಯದ ದುಡ್ಡು ಕೊಟ್ಟು ವೆಬ್‌ಸೈಟ್ ಮಾಡಿಸಿ, ಅದು ತೆರೆಯುವುದೇ ನಿಧಾನ ಅಂತ ಗಿರಾಕಿ ಬಾರದೆ, ವರ್ಷ ಕಳೆದ ಮೇಲೆ ಮಾಡಿಕೊಟ್ಟವರ ಫೋನೂ ಹತ್ತದೆ ಸುಮ್ಮನಾದವರನ್ನು ನಾವು ನೋಡಿದ್ದೇವೆ.

ಯಾವ ಸಾಫ್ಟ್‌ವೇರ್ ಅನ್ನುವುದಕ್ಕೆ ಒಂದು ಹೆಸರು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಈ ಕಾರ್ಟ್ ಅನ್ನುವುದು ಎಲ್ಲಿಂದ ಬಂತು, ಒಂದೊಂದು ಸಾಫ್ಟ್‌ವೇರೂ ಯಾಕೆ ಸೋತಿತು ಅಂತ ತಿಳಿದರೆ ಆರಿಸುವುದು ಸುಲಭ. ಹಾಗಾಗಿ ಸ್ವಲ್ಪ ಹಿಂದಿನಿಂದ ಶುರು ಮಾಡುತ್ತೇವೆ. ನಮ್ಮ ಊರಿನಿಂದಲೇ.

ಹಂಪಿಯ ದೊಡ್ಡ ಗುಡಿಗಳ ಮುಂದೆಲ್ಲ ಒಂದೊಂದು ಬಜಾರು ಇದೆ. ವಿರೂಪಾಕ್ಷನ ಮುಂದೆ, ಕೃಷ್ಣ ಗುಡಿಯ ಮುಂದೆ, ಅಚ್ಯುತರಾಯನ ಗುಡಿಯ ಮುಂದೆ, ವಿಠ್ಠಲನ ಮುಂದೆ. ಉದ್ದಕ್ಕೆ ಕಲ್ಲಿನ ಸಾಲುಮಂಟಪ, ನಡುವೆ ಅಗಲವಾದ ಬೀದಿ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಇಲ್ಲಿ ಮುತ್ತು ರತ್ನಗಳನ್ನು ಬಯಲಲ್ಲೇ ಇಟ್ಟು ಮಾರುವುದನ್ನು ಕಂಡು ಬರೆದಿಟ್ಟ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ಇನ್ನೂ ವಿವರವಾಗಿ ಬರೆದ. ರತ್ನ ಮಾರುವ ಬೀದಿಯಲ್ಲೇ ಸಂಜೆ ಕುದುರೆ, ನಿಂಬೆ, ಕಿತ್ತಳೆ, ಕಟ್ಟಿಗೆ ಮಾರುವ ಸಂತೆ ಸೇರುತ್ತಿತ್ತಂತೆ. ಶುಕ್ರವಾರ ಒಂದು ಕಡೆ, ಉಳಿದ ದಿನ ಬೇರೆ ಬೇರೆ ಕಡೆ, ಒಟ್ಟಿನಲ್ಲಿ ಪಟ್ಟಣದಲ್ಲಿ ಸಂತೆ ಇಲ್ಲದ ದಿನವಿರಲಿಲ್ಲ. ಇವತ್ತಿನ ಹೊಸಪೇಟೆ ಇರುವ ಜಾಗದಲ್ಲಿ ಕೃಷ್ಣದೇವರಾಯ ಕಟ್ಟಿಸಿದ ನಾಗಲಾಪುರವನ್ನೂ ಅವನು ಕಂಡಿದ್ದ.

ಅಂಥ ಬಜಾರಿನಲ್ಲಿ ಲೆಕ್ಕ ಇಡುವುದು ಕಷ್ಟವಲ್ಲ. ಗಿರಾಕಿ ಎದುರಿಗೇ ನಿಂತಿರುತ್ತಾನೆ, ಏನು ತಗೊಂಡ ಅನ್ನುವುದು ಅವನ ಕೈಯಲ್ಲೇ ಕಾಣುತ್ತದೆ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ದೂರ ಬಂದಾಗ ತೊಂದರೆ ಶುರು. ದೂರದ ವ್ಯಾಪಾರಕ್ಕೆ ನಮ್ಮ ಸೀಮೆಯಲ್ಲಿ ಬೆನ್ನು ಕೊಟ್ಟವರು ಲಂಬಾಣಿಗರು.

ಬಂಡಿ ಹೋಗದ ದಾರಿಯಲ್ಲೂ ಎತ್ತಿನ ಬೆನ್ನಿನ ಎರಡೂ ಕಡೆ ಚೀಲ ಹೇರಿ, ನೂರಾರು ಎತ್ತಿನ ತಂಡ ಕಟ್ಟಿಕೊಂಡು ಉಪ್ಪು, ಧಾನ್ಯ ಸಾಗಿಸಿದವರು ಅವರು. ಲವಣದಿಂದಲೇ ಲಂಬಾಣಿ ಅನ್ನುವ ಹೆಸರು ಬಂತು ಅನ್ನುವವರಿದ್ದಾರೆ. ಮೊಘಲರ ಸೈನ್ಯ ದಖ್ಖನ್ನಿಗೆ ಇಳಿದಾಗ ಅದರ ಹಿಂದೆ ಕಾಳು ಹೊತ್ತು ಬಂದರು. 1791–92ರಲ್ಲಿ ಕಾರ್ನ್‌ವಾಲಿಸ್ ಟಿಪ್ಪುವಿನ ಮೇಲೆ ಶ್ರೀರಂಗಪಟ್ಟಣಕ್ಕೆ ದಂಡೆತ್ತಿ ಹೋದಾಗ ಅವನ ಸೈನ್ಯಕ್ಕೂ ಇವರ ಎತ್ತುಗಳೇ ಅಕ್ಕಿ ತಂದವು. ರೈಲು ಬಂತು, ಪಕ್ಕಾ ರಸ್ತೆ ಬಂತು, ಎತ್ತಿನ ಹೇರು ಬೇಡವಾಯಿತು. ಸಾಗಿಸುವ ಕೆಲಸ ಕೈಬಿಟ್ಟುಹೋದವರು ತಾಂಡಾಗಳಲ್ಲಿ ನೆಲೆ ನಿಂತರು, ಕೂಲಿಗೆ ಇಳಿದರು. ಉಳಿದದ್ದು ಹೆಂಗಸರ ಸೂಜಿದಾರ, ಕನ್ನಡಿ, ಕವಡೆ.

ಆ ಸೂಜಿದಾರಕ್ಕೆ ಮಾರುಕಟ್ಟೆ ಹುಡುಕಲು 1980ರ ದಶಕದಲ್ಲಿ ಸಂಡೂರಿನಲ್ಲಿ ಕುಶಲ ಕಲಾ ಕೇಂದ್ರ ಹುಟ್ಟಿಕೊಂಡಿತು. 2010ರಲ್ಲಿ ‘ಸಂಡೂರು ಲಂಬಾಣಿ ಕಸೂತಿ’ಗೆ ಜಿಐ ಟ್ಯಾಗ್ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ತಂಡದ ಸಭೆ ನಡೆದಾಗ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳ ಕೈಯಲ್ಲಿ ಮೂಡಿದ 1,755 ಕಸೂತಿ ತುಂಡುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಟಿವಿಯಲ್ಲಿ ನೀವೂ ನೋಡಿರುತ್ತೀರಿ. ಒಂದು ಕಾಲಕ್ಕೆ ಬೇರೆಯವರ ಸಾಮಾನನ್ನು ಊರೂರಿಗೆ ತಲುಪಿಸುತ್ತಿದ್ದ ಜನಕ್ಕೆ ಈಗ ತಮ್ಮದೇ ಸಾಮಾನನ್ನು ದಿಲ್ಲಿ, ಬೆಂಗಳೂರಿಗೆ ತಲುಪಿಸುವುದು ಹೇಗೆ ಅನ್ನುವ ಚಿಂತೆ. ಅಲ್ಲಿಗೆ ಕಾರ್ಟ್ ಬಂತು.

ಕಾರ್ಟ್ ಅಂದರೆ ಮೊದಲಿಗೆ ನಿಜವಾದ ಗಾಡಿಯೇ. 1937ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಸಿಲ್ವನ್ ಗೋಲ್ಡ್‌ಮನ್ ಅನ್ನುವ ಅಂಗಡಿಯವನು, ಗಿರಾಕಿಗಳು ಕೈಬುಟ್ಟಿ ತುಂಬಿದ ಕೂಡಲೇ ಕೊಳ್ಳುವುದನ್ನು ನಿಲ್ಲಿಸುತ್ತಾರೆ ಅಂತ ಗಮನಿಸಿ, ಬುಟ್ಟಿಗೆ ಚಕ್ರ ಹಾಕಿಸಿದ. ಇಂಟರ್‌ನೆಟ್‌ನಲ್ಲಿ ಅಂಗಡಿ ತೆರೆಯುವ ಕಾಲಕ್ಕೆ ಬೇರೆಯೇ ತೊಡಕು ಬಂತು. ವೆಬ್‌ಸೈಟ್‌ಗೆ ನೆನಪೇ ಇರಲಿಲ್ಲ!

ಇದು ಸ್ವಲ್ಪ ವಿಚಿತ್ರ ಅನ್ನಿಸಬಹುದು. ನೀವು ಒಂದು ಪುಟ ಕೇಳುತ್ತೀರಿ, ಸರ್ವರ್ ಅನ್ನುವ ದೂರದ ಕಂಪ್ಯೂಟರ್ ಪುಟ ಕಳಿಸುತ್ತದೆ, ಅಲ್ಲಿಗೆ ಮುಗಿಯಿತು. ಮುಂದಿನ ಪುಟ ಕೇಳಿದಾಗ ನೀವು ಯಾರು ಅಂತಲೇ ಅದಕ್ಕೆ ಗೊತ್ತಿರುವುದಿಲ್ಲ. ಒಂದೊಂದು ಸಾಮಾನು ಕೇಳಿದಾಗಲೂ ನಿಮ್ಮನ್ನು ಹೊಸಬರಂತೆ ನೋಡುವ ಕಿರಾಣಿ ಅಂಗಡಿಯವನನ್ನು ನೆನೆಸಿಕೊಳ್ಳಿ. ಬೆಲ್ಲ ಕೊಟ್ಟು, ಎಣ್ಣೆ ಕೇಳುವಷ್ಟರಲ್ಲಿ ಬೆಲ್ಲ ಮರೆತಿರುತ್ತಾನೆ.

1994ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮೊಂಟುಲಿ ಅನ್ನುವ ಹುಡುಗ ಇದಕ್ಕೆ ಉಪಾಯ ಕಂಡುಹಿಡಿದ. ಒಂದು ದೊಡ್ಡ ಟೆಲಿಫೋನ್ ಕಂಪನಿಗೆ ಆನ್‌ಲೈನ್ ಅಂಗಡಿ ಬೇಕಿತ್ತು, ಆದರೆ ಅರ್ಧಕ್ಕೆ ನಿಂತ ಖರೀದಿಗಳ ಲೆಕ್ಕವನ್ನೆಲ್ಲ ತನ್ನ ಸರ್ವರ್‌ನಲ್ಲಿ ಇಟ್ಟುಕೊಳ್ಳಲು ಅದಕ್ಕೆ ಮನಸ್ಸಿರಲಿಲ್ಲ. ಹಾಗಾದರೆ ಗಿರಾಕಿಯ ಕಂಪ್ಯೂಟರಿನಲ್ಲೇ ಒಂದು ಸಣ್ಣ ಚೀಟಿ ಇಟ್ಟರಾಯಿತು, ಪ್ರತಿ ಸಲ ಬರುವಾಗ ಅದನ್ನು ತೋರಿಸಲಿ ಅಂದ ಮೊಂಟುಲಿ. ಆ ಚೀಟಿಯ ಹೆಸರೇ ಕುಕೀ. ಇವತ್ತು ಯಾವ ವೆಬ್‌ಸೈಟ್ ತೆರೆದರೂ ‘ಕುಕೀಗಳನ್ನು ಒಪ್ಪಿಕೊಳ್ಳಿ’ ಅಂತ ಕಾಡುತ್ತದಲ್ಲ, ಅದು ಹುಟ್ಟಿದ್ದು ಬುಟ್ಟಿಯ ಲೆಕ್ಕ ನೆನಪಿಡುವುದಕ್ಕೆ. ಜಾಹೀರಾತಿನವರು ಅದನ್ನು ಬೇರೆ ಕೆಲಸಕ್ಕೆ ಬಳಸಿಕೊಂಡದ್ದು ಆಮೇಲಿನ ಕಥೆ.

ಮರುವರ್ಷ ಅಮೆಜಾನ್ ಬಂತು. 1999ರಲ್ಲಿ ಬೆಂಗಳೂರಿನಲ್ಲಿ ಫ್ಯಾಬ್‌ಮಾರ್ಟ್ ಶುರುವಾಯಿತು. ಆಗ ನಮ್ಮ ಹೊಸಪೇಟೆಯಲ್ಲಿ ಎಸ್‌ಟಿಡಿ ಬೂತುಗಳ ಕಾಲ. ಇಂಥ ಕಂಪನಿಗಳು ತಮ್ಮ ಸಾಫ್ಟ್‌ವೇರನ್ನು ತಾವೇ ಬರೆಸಿಕೊಳ್ಳುತ್ತಿದ್ದವು. ಸಣ್ಣ ಅಂಗಡಿಯವನಿಗೆ ಅದು ಕನಸಿನ ಮಾತು. 2000ದ ಮಾರ್ಚ್‌ನಲ್ಲಿ ಜರ್ಮನಿಯ ಹೆರಾಲ್ಡ್ ಪೊನ್ಸೆ ಡೆ ಲಿಯೋನ್ ಎಂಬಾತ ಓಎಸ್‌ಕಾಮರ್ಸ್ ಅನ್ನುವ ಕಾರ್ಟ್ ಸಾಫ್ಟ್‌ವೇರನ್ನು ಪುಕ್ಕಟೆಯಾಗಿ, ಯಾರು ಬೇಕಾದರೂ ತಿದ್ದಿಕೊಳ್ಳಬಹುದು ಅಂತ ಬಿಟ್ಟ ಮೇಲೆ ಲೋಕದ ಸಣ್ಣ ಅಂಗಡಿಗಳೆಲ್ಲ ಅದಕ್ಕೆ ಮುಗಿಬಿದ್ದವು.

ಅದರಲ್ಲೊಂದು ತಮಾಷೆಯ ತಪ್ಪಿತ್ತು. ಚೀಟಿ ಇಡಲು ಗಿರಾಕಿಯ ಕಂಪ್ಯೂಟರ್ ಒಪ್ಪದಿದ್ದರೆ ಆ ಚೀಟಿಯ ನಂಬರನ್ನು ಪುಟದ ವಿಳಾಸಕ್ಕೇ ಅಂಟಿಸಿಬಿಡುತ್ತಿತ್ತು. ಗಿರಾಕಿ ಆ ವಿಳಾಸವನ್ನು ಗೆಳೆಯನಿಗೆ ಕಳಿಸಿದರೆ, ಗೆಳೆಯನಿಗೆ ಇವನ ಬುಟ್ಟಿಯೇ ತೆರೆದುಕೊಳ್ಳುತ್ತಿತ್ತು. ಸೆಟ್ಟಿಂಗ್ ಸರಿಯಿಲ್ಲದಿದ್ದರೆ ಇವನ ಖಾತೆಯೂ ಸಿಗುತ್ತಿತ್ತು. ಅದಿನ್ನೂ ಈಮೇಲ್ ಕಾಲ. ಇವತ್ತಿನ ಹಾಗೆ ಒಂದು ಲಿಂಕ್ ಹತ್ತು ವಾಟ್ಸ್ಆ್ಯಪ್ ಗುಂಪುಗಳಿಗೆ ಹೋಗುವ ಕಾಲದಲ್ಲಾಗಿದ್ದರೆ ಗತಿ ಏನು?

ಓಎಸ್‌ಕಾಮರ್ಸ್ ಸೋತದ್ದು ಈ ತಪ್ಪಿಗಲ್ಲ. ಹೊಸ ಆವೃತ್ತಿ ವರ್ಷಗಟ್ಟಲೆ ಬರಲಿಲ್ಲ. ಪ್ರತಿಯೊಬ್ಬರೂ ತಮಗೆ ತಿಳಿದಂತೆ ಮೂಲವನ್ನೇ ತಿದ್ದಿಕೊಂಡಿದ್ದರಿಂದ ಹೊಸದು ಬಂದಾಗ ಹಾಕಿಕೊಳ್ಳಲೂ ಆಗಲಿಲ್ಲ. ಅದರಿಂದ ಒಡೆದು ಬಂದದ್ದು ಝೆನ್ ಕಾರ್ಟ್, 2003ರಲ್ಲಿ.

2008ರಲ್ಲಿ ಮಜೆಂಟೊ ಬಂದಾಗ ಎಲ್ಲರಿಗೂ ಇದೇ ಬೇಕು ಅನ್ನಿಸಿತು. ಏನು ಬೇಕಾದರೂ ಮಾರಬಹುದಾದಷ್ಟು ಸೌಲಭ್ಯ. ಅದಕ್ಕೆ ತೆತ್ತ ಬೆಲೆ ವೇಗ. ಒಂದು ಸಾಮಾನಿನ ಹೆಸರು, ಬಣ್ಣ, ಅಳತೆ, ದರ, ಇವೆಲ್ಲವನ್ನೂ ಒಂದೇ ಪುಸ್ತಕದ ಒಂದೇ ಸಾಲಿನಲ್ಲಿ ಬರೆಯದೆ ಬೇರೆ ಬೇರೆ ಪುಸ್ತಕಗಳಲ್ಲಿ ಹಂಚಿಡುವ ಪದ್ಧತಿ ಅದರದು. ಹೊಸ ಬಗೆಯ ಸಾಮಾನು ಸೇರಿಸಲು ಸಲೀಸು. ಆದರೆ ಒಂದು ಕಸೂತಿ ಚೀಲ ತೋರಿಸಬೇಕಾದರೂ ಹತ್ತು ಪುಸ್ತಕ ತಿರುವಬೇಕು. ದುಡ್ಡಿದ್ದ ಕಂಪನಿಗಳು ದೊಡ್ಡ ಸರ್ವರ್ ಹಾಕಿಸಿ ನಿಭಾಯಿಸಿದವು, ಅಗ್ಗದ ಹೋಸ್ಟಿಂಗ್ ಮೇಲೆ ಹಾಕಿಸಿದವರು ಕಣ್ಣೀರು ಹಾಕಿದರು. 2018ರಲ್ಲಿ ಅಡೋಬಿ ಕಂಪನಿ ಅದನ್ನು 168 ಕೋಟಿ ಡಾಲರ್‌ಗೆ ಕೊಂಡಿತು. 2020ರ ಜೂನ್‌ನಲ್ಲಿ ಹಳೆಯ ಮಜೆಂಟೊ 1ಕ್ಕೆ ರಿಪೇರಿ ಒದಗಿಸುವುದನ್ನು ನಿಲ್ಲಿಸಿತು. ಹೊಸದಕ್ಕೆ ಹೋಗುವುದೆಂದರೆ ಅಂಗಡಿಯನ್ನು ಹೆಚ್ಚು ಕಡಿಮೆ ಹೊಸದಾಗಿ ಕಟ್ಟಿದಂತೆ.

ಇನ್ನೊಂದು ದಾರಿಯೂ ಇತ್ತು, ಬಾಡಿಗೆಯದ್ದು. ಕೆನಡಾದಲ್ಲಿ ಹಿಮದ ಮೇಲೆ ಜಾರುವ ಹಲಗೆ ಮಾರಲು ಟೋಬಿ ಲುಟ್ಕೆ ತನಗಾಗಿ ಬರೆದುಕೊಂಡ ಸಾಫ್ಟ್‌ವೇರ್ 2006ರಲ್ಲಿ ಶಾಪಿಫೈ ಆಯಿತು. ತಿಂಗಳಿಗೆ ಇಷ್ಟು ಅಂತ ಕೊಟ್ಟರೆ ಅಂಗಡಿ, ಸರ್ವರ್, ರಿಪೇರಿ ಎಲ್ಲ ಅವರದೇ. 2011ರಲ್ಲಿ ಬಂದ ವೂಕಾಮರ್ಸ್ ಇದಕ್ಕೆ ಉಲ್ಟಾ: ವರ್ಡ್‌ಪ್ರೆಸ್ ಮೇಲೆ ಕೂರುತ್ತದೆ, ಸಾಫ್ಟ್‌ವೇರ್ ಪುಕ್ಕಟೆ, ಸರ್ವರ್ ನಿಮ್ಮದು, ತಲೆನೋವೂ ನಿಮ್ಮದು. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನಿಂದ ಬಂದ ದುಕಾನ್ ಆ್ಯಪ್ ಕೂಡ ಬಾಡಿಗೆಯ ದಾರಿಯದ್ದೇ, ಅದರಲ್ಲಿ ಫೋನಿನಿಂದಲೇ ಅಂಗಡಿ ತೆರೆಯಬಹುದಿತ್ತು.

ಬಾಡಿಗೆಯೋ ಸ್ವಂತವೋ ಅನ್ನುವ ಮಾತು ಬಂದಾಗ ಹಂಪಿಯವರಿಗೆ ಬಿಡಿಸಿ ಹೇಳಬೇಕಿಲ್ಲ. 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿದ್ದ ಅಂಗಡಿ, ಮನೆಗಳನ್ನು ಆಡಳಿತ ತೆರವು ಮಾಡಿಸಿತು. ಸ್ಮಾರಕ ಉಳಿಯಬೇಕು ಅನ್ನುವುದು ಸರಿ. ಆದರೆ ವರ್ಷಗಟ್ಟಲೆ ಅಲ್ಲಿ ವ್ಯಾಪಾರ ಮಾಡಿದವರಿಗೆ ಒಂದೇ ಸಲಕ್ಕೆ ಜಾಗ, ಗಿರಾಕಿ ಎರಡೂ ಹೋದವು. ಆನ್‌ಲೈನ್‌ನಲ್ಲೂ ಇದೇ ಪಾಡು. ಬಾಡಿಗೆ ಜಾಗ ತಪ್ಪಲ್ಲ, ನಾವೂ ಬಾಡಿಗೆ ಮನೆಯಲ್ಲೇ ಇರುವವರು. ಬಿಡುವಾಗ ಗಿರಾಕಿಗಳ ಪಟ್ಟಿ, ಆರ್ಡರ್ ಲೆಕ್ಕ, ಫೋಟೊ ಎತ್ತಿಕೊಂಡು ಹೋಗಲು ಬರುತ್ತದೆಯೇ ಅನ್ನುವುದೊಂದೇ ಪ್ರಶ್ನೆ. ದೊಡ್ಡ ಮಾರುಕಟ್ಟೆ ಆ್ಯಪ್‌ಗಳಲ್ಲಿ ಮಾರಿದರೆ ಗಿರಾಕಿ ಅವರ ಗಿರಾಕಿ, ನಿಮ್ಮವನಲ್ಲ. ನಿಮ್ಮ ಹತ್ತಿರ ಐದು ಸಲ ಕೊಂಡವನಿಗೂ ಹಬ್ಬಕ್ಕೆ ಹೊಸ ಮಾಲು ಬಂದಿದೆ ಅಂತ ನೀವಾಗಿ ತಿಳಿಸಲು ಬರುವುದಿಲ್ಲ.

ಇನ್ನು ವೇಗದ ಮಾತು. ಇದರಲ್ಲಿ ನಮ್ಮ ರಾಜ್ಯದ್ದೇ ಒಂದು ಪಾಠವಿದೆ.

2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಲು ಶುರುವಾದ ಫ್ಲಿಪ್‌ಕಾರ್ಟ್, 2015ರಲ್ಲಿ ತನ್ನ ಮೊಬೈಲ್ ವೆಬ್‌ಸೈಟನ್ನು ಮುಚ್ಚಿ ಎಲ್ಲರೂ ಆ್ಯಪ್ ಹಾಕಿಕೊಳ್ಳಿ ಅಂದಿತು. ಜಿಯೋ ಇನ್ನೂ ಬಂದಿರಲಿಲ್ಲ. ಡೇಟಾ ದುಬಾರಿ, ಫೋನಿನಲ್ಲಿ ಜಾಗ ಕಡಿಮೆ, ಆ್ಯಪ್ ಇಳಿಸಿಕೊಳ್ಳುವುದೇ ದೊಡ್ಡ ಖರ್ಚು. ಕೆಲವೇ ತಿಂಗಳಲ್ಲಿ ಕಂಪನಿ ತಿರುಗಿ ಬಂತು. ಅದೇ ವರ್ಷದ ನವೆಂಬರ್‌ನಲ್ಲಿ ಫ್ಲಿಪ್‌ಕಾರ್ಟ್ ಲೈಟ್ ಅನ್ನುವ ಹಗುರ ವೆಬ್‌ಸೈಟ್ ತಂದಿತು. ಒಮ್ಮೆ ತೆರೆದರೆ ಅಂಗಡಿಯ ಚೌಕಟ್ಟು ಫೋನಿನಲ್ಲೇ ಉಳಿಯುತ್ತದೆ, ಮುಂದಿನ ಸಲ ಸಾಮಾನಿನ ವಿವರ ಮಾತ್ರ ಬಂದರೆ ಸಾಕು. ಆ ಹಗುರ ಅಂಗಡಿಗೆ ಬಂದವರಲ್ಲಿ 63% ಜನ 2ಜಿ ನೆಟ್‌ವರ್ಕ್‌ನವರು. ಮುಂಚೆ 70 ಸೆಕೆಂಡ್ ಇದ್ದು ಹೋಗುತ್ತಿದ್ದವರು ಈಗ ಮೂರೂವರೆ ನಿಮಿಷ ನಿಲ್ಲತೊಡಗಿದರು. ಹಳ್ಳಿಯವರು ಆನ್‌ಲೈನ್‌ನಲ್ಲಿ ಕೊಳ್ಳುವುದಿಲ್ಲ ಅನ್ನುವವರಿಗೆ ನಾವು ಈ ಲೆಕ್ಕ ತೋರಿಸುತ್ತೇವೆ. ಕೊಳ್ಳಲು ಬಂದವರಿಗೆ ಬಾಗಿಲೇ ಭಾರವಾಗಿತ್ತು ಅಷ್ಟೆ.

ಹಾಗಾದರೆ ಸಣ್ಣ ಅಂಗಡಿ ಯಾಕೆ ನಿಧಾನ? ನಮ್ಮ ಕಡೆಯ ವೆಬ್‌ಸೈಟ್‌ಗಳಲ್ಲಿ ಮೊದಲ ಆರೋಪಿ ಫೋಟೊ. ಕಸೂತಿಯ ಕನ್ನಡಿ ಮಿನುಗಬೇಕು ಅಂತ ಫೋನಿನಲ್ಲಿ ತೆಗೆದ ಫೋಟೊವನ್ನು ಹಾಗೇ ಏರಿಸುತ್ತಾರೆ. ಒಂದೊಂದು 4 ಎಂಬಿ. ಸೆಕೆಂಡಿಗೆ 2 ಮೆಗಾಬಿಟ್ ವೇಗ ಬರುವ ಕಡೆ ಒಂದು ಫೋಟೊಗೇ 16 ಸೆಕೆಂಡ್ ಬೇಕು. ಅದನ್ನೇ ಅಳತೆ ಕುಗ್ಗಿಸಿ ವೆಬ್‌ಪಿ ರೂಪಕ್ಕೆ ಬದಲಿಸಿದರೆ 120 ಕೆಬಿಗೆ ಇಳಿಯುತ್ತದೆ, ಅರ್ಧ ಸೆಕೆಂಡಿನಲ್ಲಿ ಬರುತ್ತದೆ. ಫೋನಿನ ಸಣ್ಣ ಪರದೆಯಲ್ಲಿ ನೋಡುವವರ ಕಣ್ಣಿಗೆ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಇದಕ್ಕೆ ಸಾಫ್ಟ್‌ವೇರ್ ಬದಲಿಸಬೇಕಿಲ್ಲ, ಒಂದು ಮಧ್ಯಾಹ್ನ ಕೂತರೆ ಆಗುವ ಕೆಲಸ.

ಎರಡನೆಯದು ದೂರ. ಅಗ್ಗ ಅಂತ ಅಮೆರಿಕದ ಸರ್ವರ್ ತಗೊಂಡರೆ, ಸಂಡೂರಿನ ಫೋನಿನಿಂದ ಅಲ್ಲಿಗೆ ಹೋಗಿ ಬರಲು ಸುಮಾರು ಕಾಲು ಸೆಕೆಂಡ್. ಪುಟ ಶುರುವಾಗುವ ಮೊದಲೇ ಮೂರ್ನಾಲ್ಕು ಸಲ ಹೋಗಿ ಬರಬೇಕು. ಮುಂಬೈಯಲ್ಲಿ ಸರ್ವರ್ ಸಿಗುವಾಗ ಅಷ್ಟು ದೂರ ಯಾಕೆ?

ಮೂರನೆಯದು ಕಾರ್ಟ್ ಸಾಫ್ಟ್‌ವೇರಿನ ಹುಟ್ಟುಗುಣ, ಇದನ್ನು ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಖಾನಾವಳಿಗಳಲ್ಲಿ ಕಡಕ್ ರೊಟ್ಟಿ ಮೊದಲೇ ಬಡಿದು ಸಾಲಾಗಿ ಪೇರಿಸಿಟ್ಟಿರುತ್ತಾರೆ, ಯಾರು ಬಂದರೂ ತೆಗೆದು ಹಾಕುವುದೇ. ಬಿಸಿ ರೊಟ್ಟಿ ಕೇಳಿದರೆ ಕೂರಬೇಕು. ವೆಬ್‌ಸೈಟಿನ ಮುಖಪುಟ, ಸಾಮಾನಿನ ಪುಟ ಎಲ್ಲರಿಗೂ ಒಂದೇ. ಅವನ್ನು ಕಡಕ್ ರೊಟ್ಟಿಯಂತೆ ಮೊದಲೇ ಮಾಡಿಟ್ಟುಕೊಳ್ಳಬಹುದು. ಇದನ್ನೇ ಕ್ಯಾಶ್ ಅನ್ನುತ್ತಾರೆ, ದುಡ್ಡಿನ ಕ್ಯಾಶ್ ಅಲ್ಲ. ಆದರೆ ಬುಟ್ಟಿ ಒಬ್ಬೊಬ್ಬರದು ಒಂದೊಂದು ಥರ. ಅದು ಬಿಸಿ ರೊಟ್ಟಿಯೇ ಆಗಬೇಕು. ಹಳೆಯ ಸಾಫ್ಟ್‌ವೇರ್‌ಗಳು ಪುಟದ ಮೂಲೆಯಲ್ಲಿ ‘ಬುಟ್ಟಿಯಲ್ಲಿ 2’ ಅಂತ ತೋರಿಸುವುದಕ್ಕಾಗಿ ಇಡೀ ಪುಟವನ್ನೇ ಪ್ರತಿ ಸಲ ಹೊಸದಾಗಿ ಬೇಯಿಸುತ್ತಿದ್ದವು. ವೂಕಾಮರ್ಸ್ ಆ ಮೂಲೆಯನ್ನಷ್ಟೇ ಬೇರೆಯಾಗಿ ತರಿಸಿಕೊಳ್ಳುವ ಉಪಾಯ ಮಾಡಿತು. ಆದರೆ ಬುಟ್ಟಿ ಖಾಲಿ ಇದ್ದವರಿಗೂ, ಪ್ರತಿ ಪುಟದಲ್ಲೂ ಸರ್ವರ್ ಬಾಗಿಲು ಬಡಿಯುತ್ತಿತ್ತು. ಅದನ್ನು ಬೇಕಾದ ಕಡೆಗೆ ಮಾತ್ರ ಇರಿಸಿಕೊಂಡದ್ದು 2023ರಲ್ಲಿ. ಅದೇ ವರ್ಷ ಹೊಸ ಅಂಗಡಿಗಳ ಆರ್ಡರ್ ಲೆಕ್ಕವನ್ನು ಬ್ಲಾಗ್ ಬರಹಗಳ ಪುಸ್ತಕದಿಂದ ಬೇರ್ಪಡಿಸಿ ಸ್ವಂತ ಪುಸ್ತಕಕ್ಕೆ ಹಾಕಿತು. ಅಲ್ಲಿಯವರೆಗೆ ಬರಹವೂ ಆರ್ಡರೂ ಒಂದೇ ಕಟ್ಟಿನಲ್ಲಿ ಇದ್ದವು. ನಿಮ್ಮ ಹುಡುಗ ಹಳೆಯ ಆವೃತ್ತಿ ಹಾಕಿ ಹೋಗಿದ್ದರೆ ಮೊದಲು ಅದನ್ನು ಹೊಸದು ಮಾಡಿಸಿ.

ಕಸೂತಿ ಮಾರುವವರಿಗೆ ಇನ್ನೊಂದು ಸೂಕ್ಷ್ಮವಿದೆ. ಕೈಯಲ್ಲಿ ಹೊಲಿದ ಚೀಲ ಒಂದರಂತೆ ಇನ್ನೊಂದು ಇರುವುದಿಲ್ಲ, ಸ್ಟಾಕ್ ಯಾವಾಗಲೂ ಒಂದೇ. ಇಬ್ಬರು ಒಂದೇ ಹೊತ್ತಿಗೆ ಬುಟ್ಟಿಗೆ ಹಾಕಿದರೆ ಯಾರದು? ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ಬುಟ್ಟಿಗೆ ಹಾಕಿದ ಮಾತ್ರಕ್ಕೆ ಸಾಮಾನು ನಿಮ್ಮದಾಗುವುದಿಲ್ಲ. ವೂಕಾಮರ್ಸ್‌ನಲ್ಲಿ ಆರ್ಡರ್ ಕೊಟ್ಟು ಹಣ ಕಟ್ಟದವನಿಗಾಗಿ ಸಾಮಾನನ್ನು 60 ನಿಮಿಷ ಹಿಡಿದಿಡುವ ಸೆಟ್ಟಿಂಗ್ ಮೊದಲೇ ಇರುತ್ತದೆ. ಯುಪಿಐ ಕಾಲದಲ್ಲಿ ಒಂದು ಗಂಟೆ ಜಾಸ್ತಿಯೇ. ನಾವಾದರೆ 15ಕ್ಕೆ ಇಳಿಸುತ್ತೇವೆ.

ಈಗ ಮೊದಲ ಪ್ರಶ್ನೆಗೆ ಬರೋಣ. ಇಪ್ಪತ್ತು ಮೂವತ್ತು ಬಗೆಯ ಸಾಮಾನು ಇರುವ ಸಂಘಕ್ಕೆ ವೆಬ್‌ಸೈಟೇ ಬೇಡ ಅನ್ನುವುದು ನಮ್ಮ ಅಭಿಪ್ರಾಯ. ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ 2019ರಿಂದ ಕ್ಯಾಟಲಾಗ್ ಇದೆ, 2020ರ ಡಿಸೆಂಬರ್‌ನಿಂದ ಕಾರ್ಟ್ ಕೂಡ ಇದೆ. ಗಿರಾಕಿ ಆರಿಸಿದ ಪಟ್ಟಿ ಒಂದೇ ಮೆಸೇಜಾಗಿ ಬರುತ್ತದೆ, ಮಾತಾಡಿ, ದರ ಹೇಳಿ, ಹಣ ತರಿಸಿಕೊಳ್ಳಬಹುದು. ನಿಧಾನದ ಮಾತೇ ಇಲ್ಲ, ಆ್ಯಪ್ ಎಲ್ಲರ ಫೋನಿನಲ್ಲೂ ಇದೆ. ಆದರೆ ಅದೂ ಬೇರೆಯವರ ಜಾಗವೇ. ಆರ್ಡರ್, ಹೆಸರು, ನಂಬರನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ನಮ್ಮ ಕಿರಾಣಿಯವರು ಉದ್ರಿ ಬರೆದಂತೆ.

ಕಂಪ್ಲಿಯ ಅಕ್ಕಿಗೂ ಇದೇ ಸಾಕು, ಯಾಕೆಂದರೆ 25 ಕಿಲೋ ಚೀಲವನ್ನು ಕೊರಿಯರ್‌ನಲ್ಲಿ ದಿಲ್ಲಿಗೆ ಕಳಿಸಿದರೆ ಬಾಡಿಗೆಯೇ ಅಕ್ಕಿಯನ್ನು ತಿಂದುಹಾಕುತ್ತದೆ. ಸುತ್ತಲ ಊರಿನ ಗಿರಾಕಿಯೇ ಅದಕ್ಕೆ ಗಿರಾಕಿ. ಕಸೂತಿ, ಆನೆಗೊಂದಿಯ ಬಾಳೆನಾರಿನ ಸಾಮಾನು ಹಗುರ, ಬೆಲೆ ಹೆಚ್ಚು, ದೂರ ಹೋಗಬಲ್ಲವು. ಆರ್ಡರ್ ದಿನಕ್ಕೆ ಹತ್ತು ದಾಟಿ, ಮೆಸೇಜು ನೋಡಿ ಉತ್ತರಿಸುವುದೇ ಒಬ್ಬರ ಕೆಲಸವಾದಾಗ ವೆಬ್‌ಸೈಟಿಗೆ ಹೋಗಿ. ಸಂಘದಲ್ಲಿ ಕಂಪ್ಯೂಟರ್ ಗೊತ್ತಿರುವ ಒಬ್ಬರು ಖಾಯಂ ಇದ್ದರೆ ವೂಕಾಮರ್ಸ್, ಇಲ್ಲದಿದ್ದರೆ ಬಾಡಿಗೆಯದ್ದು. ಮಜೆಂಟೊ ಹೆಸರೆತ್ತಿದವರಿಗೆ ಚಹಾ ಕೊಟ್ಟು ಕಳಿಸಿ.

ಯಾವುದೇ ಆದರೂ ಡೊಮೇನ್, ಅಂದರೆ ವೆಬ್‌ಸೈಟಿನ ಹೆಸರು, ಸಂಘದ ಈಮೇಲ್‌ನಲ್ಲಿ ಸಂಘದ ಹೆಸರಿಗೇ ನೋಂದಣಿ ಆಗಿರಬೇಕು, ಮಾಡಿಕೊಟ್ಟವರ ಹೆಸರಿಗಲ್ಲ. ಹೊಲದ ಪಹಣಿ ಯಾರ ಹೆಸರಿಗಿದೆ ಅಂತ ನೋಡುತ್ತೀರಲ್ಲ, ಹಾಗೆ.

ಮಾಡಿಕೊಟ್ಟವರು ಬಾಕಿ ಹಣಕ್ಕೆ ಬಂದಾಗ ಅವರ ಲ್ಯಾಪ್‌ಟಾಪಿನಲ್ಲಿ ಅಂಗಡಿ ನೋಡಬೇಡಿ. ತಾಂಡಾದಲ್ಲಿ ಇರುವುದರಲ್ಲೇ ಹಳೆಯ ಫೋನ್ ತನ್ನಿ. ವೈಫೈ ಬೇಡ, ಸಿಮ್‌ನ ನೆಟ್‌ನಲ್ಲೇ ತೆರೆದು, ಒಂದು ಚೀಲವನ್ನು ಬುಟ್ಟಿಗೆ ಹಾಕಿ, ಫೋನ್ ಆಫ್ ಮಾಡಿ ಆನ್ ಮಾಡಿ. ಚೀಲ ಬುಟ್ಟಿಯಲ್ಲೇ ಇರಬೇಕು. ಆ ಪುಟದ ಲಿಂಕನ್ನು ಇನ್ನೊಂದು ಫೋನಿಗೆ ಕಳಿಸಿ ತೆರೆಯಿರಿ, ಅಲ್ಲಿ ಬುಟ್ಟಿ ಖಾಲಿ ಇರಬೇಕು. ಹಣ ಕಟ್ಟುವವರೆಗೆ ಹೋಗಿ ಎಷ್ಟು ಹೊತ್ತು ಹಿಡಿಯಿತು ಅಂತ ಗಡಿಯಾರ ನೋಡಿ. ಕೊನೆಗೆ, ಗಿರಾಕಿಗಳ ಮತ್ತು ಆರ್ಡರ್‌ಗಳ ಪಟ್ಟಿಯನ್ನು ಎಕ್ಸೆಲ್ ಫೈಲಾಗಿ ಇಳಿಸುವುದನ್ನು ಸಂಘದವರಿಗೇ ಮಾಡಿ ತೋರಿಸಲು ಹೇಳಿ. ಅವರು ತೋರಿಸಿ, ನಿಮ್ಮವರೊಬ್ಬರು ತಾವೇ ಒಮ್ಮೆ ಇಳಿಸಿಕೊಂಡ ಮೇಲೆ ಬಾಕಿ ಹಣ ಕೊಡಿ.